ಬಿಟ್ಟು ಓದಿದ ಗರಿ

"ಗುರುಗಳೇ, ತನ್ನವರಿಗೆ ಅನ್ಯಾಯವಾದಾಗ ವಿದ್ವಾಂಸನಾದವನು ಸಭೆಯಲ್ಲಿ ಬಾಯಿ ಬಿಡಬೇಕೇ? ಬಿಟ್ಟರೆ ಪಕ್ಷಪಾತಿ ಎನ್ನುತ್ತಾರೆ. ಸುಮ್ಮನಿದ್ದರೆ ಅವನ ವಿದ್ಯೆಯ ಮರ್ಯಾದೆಯಾದರೂ ಉಳಿಯುತ್ತದೆಯಲ್ಲ?" ಎಂದು ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದರು.

ಕಡಲ ತೀರದಲ್ಲಿ ಒಂದು ಪಟ್ಟಣವಿತ್ತು. ಅಲ್ಲೊಂದು ವಿದ್ಯಾಪೀಠ. ಅದರ ಸಭೆಯಲ್ಲಿ ಹನ್ನೆರಡು ಆಸನಗಳು. ಕೊನೆಯ ಆಸನದಲ್ಲಿ, ಬಾಗಿಲ ಪಕ್ಕದಲ್ಲಿ, ಒಬ್ಬ ಕಪ್ಪು ಪಂಡಿತ ಕೂರುತ್ತಿದ್ದ. ಅವನ ಮುತ್ತಜ್ಜನನ್ನು ಕಡಲಾಚೆಯ ನಾಡಿನಿಂದ ಹಡಗಿನಲ್ಲಿ ಕಟ್ಟಿ ತಂದು ಆ ಪಟ್ಟಣದಲ್ಲಿ ಮಾರಿದ್ದರು. ಅವನ ಜನ ಈಗಲೂ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ಅವನೊಬ್ಬ ಓದಿದ. ಓದಿದವರೆಲ್ಲ ಬೆರಗಾಗುವಷ್ಟು ಓದಿದ.

ಅವನು ಕಲಿಸುತ್ತಿದ್ದುದು ನ್ಯಾಯಗ್ರಂಥ. ಅದರಲ್ಲಿ ಮುನ್ನೂರು ಓಲೆಗರಿಗಳು. ಅಷ್ಟೂ ಅವನಿಗೆ ಬಾಯಿಪಾಠ. ಗ್ರಂಥವನ್ನು ಮುಂದಿಟ್ಟುಕೊಳ್ಳುತ್ತಿದ್ದ, ಆದರೆ ನೋಡುತ್ತಿರಲಿಲ್ಲ. ಪಾಠ ಹೇಳುತ್ತ ಹೋದಂತೆ ಬೆರಳು ತಾನಾಗಿ ಗರಿ ಮಗುಚುತ್ತಿತ್ತು. ಒಂದು ಗರಿ ಬಂದಾಗ ಮಾತ್ರ ಎರಡನ್ನು ಒಟ್ಟಿಗೆ ಮಗುಚುತ್ತಿತ್ತು. ಆ ಗರಿಯಲ್ಲಿ ಹೀಗೆ ಬರೆದಿತ್ತು: 'ಕಡಲಾಚೆಯಿಂದ ಬಂದ ಕಪ್ಪು ಜನರಲ್ಲಿ ನೆನಪು ನಿಲ್ಲುವುದಿಲ್ಲ. ಆದ್ದರಿಂದ ಅವರ ಸಾಕ್ಷಿ ಸಲ್ಲದು.'

ಆ ಗರಿಯನ್ನು ದಾಟುವ ಕ್ಷಣದಲ್ಲಿ ಪಂಡಿತನಿಗೆ ಪಾಠಶಾಲೆ ನೀರಿನಲ್ಲಿ ಮುಳುಗಿದಂತೆ ಕಾಣುತ್ತಿತ್ತು. ಎದುರಿಗೆ ಕೂತವರ ಮುಖಗಳು ನಿಧಾನವಾಗಿ ಅಲುಗುತ್ತಿದ್ದವು. ತನ್ನ ದನಿ ಬಹಳ ದೂರದಿಂದ ಕೇಳುತ್ತಿತ್ತು. ಮುಂದಿನ ಗರಿಗೆ ಬಂದಾಗ ನೀರು ಇಳಿಯುತ್ತಿತ್ತು. ಅವನು ಒಂದು ಗರಿ ಬಿಟ್ಟದ್ದು ಎಲ್ಲರಿಗೂ ಗೊತ್ತಿತ್ತು. ಯಾರೂ ಕೇಳುತ್ತಿರಲಿಲ್ಲ. ಅದನ್ನು ಸೌಜನ್ಯವೆಂದುಕೊಂಡಿದ್ದರು. ಅವನೂ ಹಾಗೆಯೇ ಅಂದುಕೊಂಡಿದ್ದ. ಹೀಗೆ ಇಪ್ಪತ್ತು ವರ್ಷ ಕಳೆಯಿತು.

ಒಂದು ದಿನ ಬಂದರಿನಲ್ಲಿ ಒಬ್ಬ ವ್ಯಾಪಾರಿಯ ಹಡಗಿಗೆ ಸರಕು ತುಂಬುತ್ತಿದ್ದರು. ಹತ್ತುವ ಹಲಗೆ ಸೀಳಿತ್ತು. ಒಬ್ಬ ಕೂಲಿಯವನು ಹತ್ತಲಾರೆ ಎಂದ. ವ್ಯಾಪಾರಿ ಕೋಲೆತ್ತಿ ಹತ್ತಿಸಿದ. ಹಲಗೆ ಮುರಿಯಿತು, ಕೂಲಿಯವನು ಮೂಟೆಯ ಜೊತೆಗೇ ನೀರಿಗೆ ಬಿದ್ದು ಸತ್ತ. ವ್ಯಾಪಾರಿಯ ಕಡೆಯವರನ್ನು ಬಿಟ್ಟರೆ ಅದನ್ನು ಕಂಡವಳು ಸತ್ತವನ ಹೆಂಡತಿ ಒಬ್ಬಳೇ. ಅವಳು ನ್ಯಾಯಾಧಿಕಾರಿಯ ಮುಂದೆ ಹೋದಳು. ಅವನು ಗ್ರಂಥದ ಮಾತು ಹೇಳಿ, ನಿನ್ನ ಸಾಕ್ಷಿ ನಡೆಯುವುದಿಲ್ಲ ಎಂದ. ಆದರೂ ಅವನ ಮನಸ್ಸಿಗೆ ಸಮಾಧಾನವಾಗಲಿಲ್ಲ. ವಿದ್ಯಾಪೀಠದ ಅಭಿಪ್ರಾಯ ಕೇಳಿ ತೀರ್ಪು ಕೊಡುತ್ತೇನೆ ಎಂದು ಹತ್ತು ದಿನದ ಗಡುವು ಹಾಕಿದ.

ಹೆಂಗಸು ಪಂಡಿತನ ಮನೆಗೆ ಬಂದಳು. ಅಂಗಳದಲ್ಲೇ ನಿಂತಳು.

"ತಮ್ಮಾ, ಆ ಗರಿಯಲ್ಲಿ ಹಾಗೆ ಬರೆದದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕಾ. ಆದರೆ ನಾನು ಅದನ್ನು ಒಂದು ದಿನವೂ ಓದಲಿಲ್ಲ. ಬಿಟ್ಟು ಮುಂದೆ ಹೋದೆ."

"ನೀವು ಬಿಟ್ಟಿರಿ. ಅದು ನಮ್ಮನ್ನು ಬಿಡಲಿಲ್ಲ."

ಇಷ್ಟು ಹೇಳಿ ಅವಳು ಹೊರಟುಹೋದಳು. ಪಂಡಿತ ಕಂಬಕ್ಕೆ ಒರಗಿ ಕೂತ. ಮಧ್ಯಾಹ್ನದ ಹೊತ್ತು, ಕಣ್ಣು ಹತ್ತಿತು. ಕನಸಿನಲ್ಲಿ ಅವನೊಂದು ಬಿಳಿ ಮರಳ ದಂಡೆಯಲ್ಲಿ ನಡೆಯುತ್ತಿದ್ದ. ಮುಂದೆ ಮುತ್ತಜ್ಜ ನಡೆಯುತ್ತಿದ್ದ. ಅವನು ತಿರುಗಿ ನೋಡದೆ ಒಂದೊಂದೇ ಹೆಸರು ಹೇಳುತ್ತಿದ್ದ. ಹಡಗಿನಲ್ಲಿ ತನ್ನೊಡನೆ ಬಂದವರ ಹೆಸರು, ದಾರಿಯಲ್ಲಿ ಸತ್ತವರ ಹೆಸರು. ಒಂದೂ ತಪ್ಪಲಿಲ್ಲ, ಹೆಸರುಗಳು ಮುಗಿಯಲೂ ಇಲ್ಲ. ಎಚ್ಚರವಾದಾಗ ಪಂಡಿತನ ಕೆನ್ನೆ ಒದ್ದೆಯಾಗಿತ್ತು.

ಅವನು ಪೀಠದ ಹಿರಿಯರ ಬಳಿಗೆ ಹೋದ. ಹಿರಿಯರು ಕೈ ಹಿಡಿದು ಕೂರಿಸಿಕೊಂಡರು. "ಆ ಗರಿ ತಪ್ಪೆಂದು ನಮಗೆಲ್ಲ ಗೊತ್ತು. ಆದರೆ ನೀವು ಮಾತಾಡಬೇಡಿ. ತನ್ನವರ ಪರ ವಹಿಸಿದ ಎನ್ನುತ್ತಾರೆ. ಸಮಯ ನೋಡಿ ನಾವೇ ಹೇಳುತ್ತೇವೆ" ಎಂದರು. ಪಂಡಿತ ಒಪ್ಪಿದ. ಒಪ್ಪಿದ್ದರಿಂದ ಮನಸ್ಸು ಹಗುರವಾಯಿತು. ಹಾಗೆ ಹಗುರವಾದದ್ದಕ್ಕೆ ನಾಚಿಕೆಯೂ ಆಯಿತು.

ಗಡುವಿನ ದಿನ ಸಭೆ ಸೇರಿತು. ನ್ಯಾಯಾಧಿಕಾರಿ ಪ್ರಶ್ನೆ ಇಟ್ಟ. ಹೆಂಗಸು ಬಾಗಿಲಾಚೆ ನಿಂತಿದ್ದಳು. ಮೊದಲನೆಯ ಪಂಡಿತರು ಗ್ರಂಥ ಎಷ್ಟು ಪ್ರಾಚೀನವೆಂದು ಹೇಳಿದರು. ಎರಡನೆಯವರು ಅದರ ಭಾಷೆಯನ್ನು ಹೊಗಳಿದರು. ಮೂರನೆಯವರು ಇದು ಇನ್ನಷ್ಟು ವಿಚಾರ ಮಾಡಬೇಕಾದ ವಿಷಯವೆಂದರು. ಉಳಿದವರು ತಲೆದೂಗಿದರು. ಹಿರಿಯರು ಕಿಟಕಿಯ ಕಡೆ ನೋಡುತ್ತಿದ್ದರು. ಪಂಡಿತ ಕಾದ. ಸಭೆಯೊಳಗೆ ಮೆಲ್ಲನೆ ನೀರು ಏರತೊಡಗಿತು. ಅದು ಮೊಣಕಾಲಿಗೆ ಬಂತು, ಎದೆಗೆ ಬಂತು. ಮುಖಗಳು ಅಲುಗಿದವು. ಇನ್ನು ಬಾಯಿ ಮುಳುಗುತ್ತದೆ ಎನ್ನುವಾಗ ಅವನು ಎದ್ದು ನಿಂತ.

ಗ್ರಂಥ ಬಿಚ್ಚಿದ. ಆ ಗರಿಯನ್ನು ತೆಗೆದು ಎಲ್ಲರಿಗೂ ಕೇಳುವಂತೆ ಓದಿದ. ಒಂದಕ್ಷರವೂ ಬಿಡಲಿಲ್ಲ.

ಆಮೇಲೆ ನ್ಯಾಯಾಧಿಕಾರಿಗೆ ಹೇಳಿದ: "ನೀವು ಈ ಗ್ರಂಥ ಕಲಿತದ್ದು ನನ್ನ ಬಾಯಿಂದ. ನಾನು ಗರಿ ನೋಡಿ ಕಲಿಸಲಿಲ್ಲ, ನೆನಪಿನಿಂದ ಕಲಿಸಿದೆ. ಈ ಗರಿಯ ಮಾತು ನಿಜವಾದರೆ ನೀವು ಕಲಿತದ್ದು ಸುಳ್ಳು, ಇಂದಿನವರೆಗೆ ಕೊಟ್ಟ ತೀರ್ಪುಗಳೂ ಸುಳ್ಳು. ಕಲಿತದ್ದು ನಿಜವಾದರೆ ಈ ಗರಿ ಸುಳ್ಳು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ."

ಹಿರಿಯರು ಗಾಬರಿಯಿಂದ, "ನಿಮ್ಮ ಮಾತು ಬೇರೆ. ನಿಮ್ಮನ್ನು ನಾವು ಯಾವತ್ತೂ ಅವರೊಡನೆ ಎಣಿಸಿಲ್ಲ" ಎಂದರು.

"ಇನ್ನು ಮೇಲೆ ಎಣಿಸಿ" ಎಂದ ಪಂಡಿತ.

ನ್ಯಾಯಾಧಿಕಾರಿ ಹೆಂಗಸನ್ನು ಒಳಗೆ ಕರೆದ. ಅವಳು ಅಂದಿನ ಗಾಳಿ ಯಾವ ಕಡೆಯದೆಂದು ಹೇಳಿದಳು. ಗಂಡ ಇಟ್ಟ ಹೆಜ್ಜೆಗಳೆಷ್ಟು, ವ್ಯಾಪಾರಿಯ ಕೋಲು ಯಾವ ಕೈಯಲ್ಲಿತ್ತು, ಮುರಿದ ಹಲಗೆಯನ್ನು ಅವನ ಕಡೆಯವರು ಎಲ್ಲಿ ಹೂತರು ಎಂದು ಹೇಳಿದಳು. ನ್ಯಾಯಾಧಿಕಾರಿಯ ಆಳುಗಳು ಹೋಗಿ ಅಗೆದರು. ಹಲಗೆ ಅಲ್ಲೇ ಸಿಕ್ಕಿತು. ವ್ಯಾಪಾರಿ ಸೆರೆಮನೆಗೆ ಹೋದ.

ಗರಿಯನ್ನು ಮಾತ್ರ ಯಾರೂ ಗ್ರಂಥದಿಂದ ತೆಗೆಯಲಿಲ್ಲ. ಪಂಡಿತ ಮನೆಯ ದುಃಖವನ್ನು ವಿದ್ಯೆಯ ಮನೆಗೆ ತಂದ ಎಂದು ಪೀಠದವರು ಬೇಸರಗೊಂಡರು. ಮರುವರ್ಷ ಅವನ ಆಸನಕ್ಕೆ ಬೇರೊಬ್ಬರು ಬಂದರು. ಅವನು ಬಂದರಿನ ಮರಳಿನಲ್ಲಿ ಕೂತು ಕೂಲಿಯವರಿಗೆ ಅಕ್ಷರ ಕಲಿಸುತ್ತ ಉಳಿದ ಕಾಲ ಕಳೆದ. ಅಲೆ ಬಂದು ಅಳಿಸಿದರೆ ಮತ್ತೆ ಬರೆಯುತ್ತಿದ್ದ. ಆ ಹೆಂಗಸು ಮುಂದಿನ ಸಾಲಿನಲ್ಲಿ ಕೂರುತ್ತಿದ್ದಳು.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಸುಮ್ಮನಿದ್ದಿದ್ದರೆ ಆಸನ ಉಳಿಯುತ್ತಿತ್ತು. ಇನ್ನೂ ಎಷ್ಟೋ ಜನರಿಗೆ ಕಲಿಸಬಹುದಿತ್ತು. ಹೇಳಿ ಗುರುಗಳೇ, ಆ ಪಂಡಿತ ಮಾತಾಡಿದ್ದು ಸರಿಯೇ?"

ಗುರು ಅವನ ಮುಖವನ್ನೇ ನೋಡಿ ಹೇಳಿದರು: "ಸುಮ್ಮನಿದ್ದವರು ಹನ್ನೊಂದು ಜನ, ಮಗು, ನೀನೂ ಮಾತಾಡಿದವನನ್ನೇ ಪ್ರಶ್ನಿಸುತ್ತಿದ್ದೀಯೆ."