ಗಾಳೆಪ್ಪ ಹದ ಮಾಡಿದ ತೊಗಲು

ಅಂದು ಹಬ್ಬವಲ್ಲ, ಹುಣ್ಣಿಮೆಯಲ್ಲ. ಬರಿಯ ಒಂದು ಸೋಮವಾರ. ಕಲ್ಲಗುಂದಿಯ ಪೂಜ್ಯ ಶ್ರೀ ಮೋನಪ್ಪಯ್ಯನವರು ಎಂದಿನಂತೆ ಸ್ನಾನ, ಪೂಜೆ ಮುಗಿಸಿ ಪಡಸಾಲೆಯಲ್ಲಿ ಉಳಿ ಹಿಡಿದು ಕುಳಿತಿದ್ದರು. ಅವರಿಗೆ ಮಠವಿರಲಿಲ್ಲ. ಎರಡು ಅಂಕಣದ ಮಣ್ಣಿನ ಮನೆಯೇ ಮಠ. ಬಡಗಿತನ ಅವರ ಕುಲಕಸುಬು. ಕಾಲು ಸೋತವರಿಗೆ ಊರುಗೋಲು ಮಾಡಿಕೊಡುವುದು ಅವರ ವ್ರತ. ಮನೆಯಲ್ಲಿದ್ದದ್ದು ನಾಲ್ಕು ಕಾಲಿನ ಒಂದೇ ಹಲಗೆ. ಹಗಲೆಲ್ಲ ಅದರ ಮೇಲೆ ಕೆಲಸ. ಸೋಮವಾರದ ಭಜನೆಗೆ ಮೊದಲು ಒರೆಸಿದರೆ ಅದೇ ಪ್ರಸಾದದ ಮಣೆ.

ಇಪ್ಪತ್ತು ವರ್ಷ ಉಳಿಯ ಏಟು ತಿಂದು ಹಲಗೆಯ ಮೈ ಗುಳಿಬಿದ್ದಿತ್ತು. ಬಾಳಿಕೆ ಬರುವ ಹೊದಿಕೆಯೊಂದು ಬೇಕೆಂದು ಅಯ್ಯನವರು ಹಿಂದೊಮ್ಮೆ ಅಂದಿದ್ದರು. ಅಂದು ಭಕ್ತರು ತಂದರು. ಅರಿವೆ ಅಂಗಡಿಯ ವಿರೂಪಾಕ್ಷಪ್ಪನವರದು ಸತುವಿನ ತಗಡು, ಇನ್ನೊಬ್ಬರದು ಕಡಪ ಕಲ್ಲು, ಮತ್ತೊಬ್ಬರದು ಹೂವಿನ ಚಿತ್ತಾರದ ಮೇಣಬಟ್ಟೆ. ಅಯ್ಯನವರು ಒಂದೊಂದನ್ನೂ ಹಲಗೆಯ ಮೇಲಿಟ್ಟು ಉಳಿಯಿಂದ ಮೂರು ಸಲ ಹೊಡೆದು ನೋಡಿದರು. ತಗಡು ಹರಿದು ಅಂಚು ಮೇಲೆದ್ದಿತು. ಕಲ್ಲಿಗೆ ಉಳಿಯ ಬಾಯಿ ಮುರಿಯಿತು. ಮೇಣಬಟ್ಟೆಗೆ ಮೂರನೆಯ ಏಟು ಬೇಕಾಗಲಿಲ್ಲ.

ಅಷ್ಟರಲ್ಲಿ, ತೊಗಲು ಹದ ಮಾಡುವ ಮನೆಯ ದುರ್ಗವ್ವ ತಲೆಯ ಮೇಲೊಂದು ಸುರುಳಿ ಹೊತ್ತು ಅಂಗಳಕ್ಕೆ ಬಂದಳು.

ಆಕೆಯ ಗಂಡ ಗಾಳೆಪ್ಪ ನಾಲ್ಕು ವರ್ಷ, ಒಂದು ಸೋಮವಾರವನ್ನೂ ತಪ್ಪಿಸದೆ, ಆ ಅಂಗಳದ ಬೇವಿನ ಮರದ ಕೆಳಗೆ ನಿಂತು ಭಜನೆ ಕೇಳಿದವನು. ಅವರ ಮಂದಿ ಹೊಸ್ತಿಲು ದಾಟುವ ರೂಢಿಯಿರಲಿಲ್ಲ. ಪ್ರಸಾದವನ್ನು ಯಾರೋ ಎತ್ತರದಿಂದ ಅವನ ಬೊಗಸೆಗೆ ಬಿಡುತ್ತಿದ್ದರು. ಅವನು ಅದನ್ನು ಎಲೆಯಲ್ಲಿ ಕಟ್ಟಿ ಮನೆಗೆ ತಂದರೆ ದುರ್ಗವ್ವ ಮುಟ್ಟುತ್ತಿರಲಿಲ್ಲ. "ಮ್ಯಾಲಿಂದ ಬಿದ್ದದ್ದು ಕೋಳಿಗೆ ಹಾಕು. ಒಳಗ ಕರೀದ ದೇವರಿಗೆ ನಾ ಹೊರಗಿಂದ ಕೈ ಮುಗಿಯೂದಿಲ್ಲ" ಎನ್ನುತ್ತಿದ್ದಳು.

ಹಲಗೆಗೆ ಹೊದಿಕೆ ಬೇಕೆಂಬ ಮಾತು ಬೇವಿನ ಕೆಳಗೆ ನಿಂತಿದ್ದ ಗಾಳೆಪ್ಪನ ಕಿವಿಗೂ ಬಿದ್ದಿತ್ತು. ತಾನೇ ಕೊಡುತ್ತೇನೆಂದು ಹೆಂಡತಿಯ ಮುಂದೆ ಹೇಳಿ, ಎಮ್ಮೆಯ ತೊಗಲೊಂದನ್ನು ತಂಗಡಿ ತೊಗಟೆಯ ನೀರಿನಲ್ಲಿ ನಲವತ್ತು ದಿನ ಹದ ಮಾಡಿದ. ಅದನ್ನು ನೆರಳಿಗೆ ಹರವಿದ ದಿನವೇ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಅಯ್ಯನವರು ಒಳಗೆ ತೆಗೆದುಕೊಂಡರೆ ಸತ್ತವನ ಮಾತು ಉಳಿಯಿತು; ಒಲ್ಲೆನೆಂದರೆ ಅದನ್ನು ಕೆರೆಗೆಸೆದು, ಈ ಓಣಿಗೆ ಮತ್ತೆ ಕಾಲಿಡಬಾರದು. ಹಾಗೆ ನಿಶ್ಚಯಿಸಿಯೇ ದುರ್ಗವ್ವ ಹೊರಟಿದ್ದಳು.

"ಏನಬೇ ದುರ್ಗವ್ವ, ತಲಿ ಮ್ಯಾಲೆ ಏನು?" ಕಟ್ಟೆಯ ಮೇಲಿದ್ದ ವಿರೂಪಾಕ್ಷಪ್ಪನವರು ಕೇಳಿದರು.

"ಹಲಗಿಗೆ ಹೊದಿಕಿ."

"ಪ್ರಸಾದ ಇಡೂ ಹಲಗಿಗೆ ತೊಗಲ? ಗಾಳೆಪ್ಪ ಇದ್ದಿದ್ರ ಹಿಂಗ ಬರತಿದ್ದಿಲ್ಲ. ಅಂವಗ ತನ್ನ ಜಾಗಾ ಗೊತ್ತಿತ್ತು."

"ಗೊತ್ತಿತ್ತರಿ ಸಾವಕಾರ್ರ, ಈ ಬೇವಿನ ಬುಡಕ ಇತ್ತು. ನಿಮ್ಮ ಭಜನಿ ಡಗ್ಗಾಕ್ಕ ತೊಗಲು ಹಾಕಿದಾಂವನೂ ಅಂವನ. ಡಗ್ಗಾ ದೇವರ ಮುಂದ ಕುಂತೈತಿ."

"ಡಗ್ಗಾದ ಮ್ಯಾಲೆ ಯಾರೂ ಉಣ್ಣೂದಿಲ್ಲ."

"ಹೌದರಿ, ಬರೇ ಬಡೀತೀರಿ."

ಒಳಗೆ ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು. ದುರ್ಗವ್ವ ಪಡಸಾಲೆಯ ಕಡೆಗೆ ಮುಖ ತಿರುಗಿಸಿದಳು. "ನಾ ಭಕ್ತಿಗೆ ಬಂದಿಲ್ಲರಿ ಅಪ್ಪಾರ. ಸತ್ತಾಂವನ ಮಾತಿಗೆ ಬಂದೀನಿ. ತಗೋರಿ, ಇಲ್ಲಾ ಬ್ಯಾಡ ಅನ್ರಿ."

ಅಯ್ಯನವರು ಎದ್ದು ಅಂಗಳಕ್ಕಿಳಿದರು. ಸುರುಳಿಯನ್ನು ಆಕೆಯ ತಲೆಯಿಂದ ತಮ್ಮ ಹೆಗಲಿಗೆ ಇಳಿಸಿಕೊಂಡು ಒಳಗೆ ಒಯ್ದರು. ಹಲಗೆಯ ಮೇಲೆ ಬಿಚ್ಚಿ, ಬೇರೆ ಉಳಿ ತೆಗೆದುಕೊಂಡು ಮೂರು ಸಲ ಹೊಡೆದರು. ಉಳಿಯ ಬಾಯಿ ಹಾಗೆಯೇ ಇತ್ತು. ಬೆರಳನ್ನು ನೀರಿನಲ್ಲದ್ದಿ ಗೀರುಗಳ ಮೇಲೆ ಒತ್ತಿ ಉಜ್ಜಿದರು. ಗೀರುಗಳು ಕೂಡಿಕೊಂಡವು.

"ಇದು ಬಾಳತೈತಿ" ಎಂದು ಸುತ್ತಿಗೆ ಎತ್ತಿಕೊಂಡರು.

ಕಟ್ಟಿಗೆಯ ಕೆಲಸದವರಿಗೆ ನುಣುಪಿನ ಮೇಲೆ ನುಣುಪು ಕೂಡಬೇಕು. ಆ ಲೆಕ್ಕದಲ್ಲಿ ಅಯ್ಯನವರು ತೊಗಲಿನ ನುಣುಪಾದ ಮೈಯನ್ನು ಕೆಳಗೆ ಮಾಡಿ, ಒರಟಾದ ಒಳಮೈಯನ್ನು ಮೇಲಕ್ಕಿಟ್ಟು ಮೊದಲ ಮೊಳೆ ಹೊಡೆದರು. ದುರ್ಗವ್ವ ಹಲ್ಲು ಕಚ್ಚಿ ನೋಡಿದಳು. ಎರಡನೆಯ ಮೊಳೆಗೆ ತಡೆಯಲಾಗಲಿಲ್ಲ.

"ತಡೀರಿ ಅಪ್ಪಾರ, ಮೈ ತಿರುವು ಆಗೈತಿ. ಒಳಮೈ ಮ್ಯಾಲೆ ಬಂದ್ರ ನೀರು ಕುಡದು ಕೊಳೀತೈತಿ. ನಲವತ್ತು ದಿನದ ದುಡಿಮಿ ಅದು."

"ನನಗ ಕಟ್ಟಿಗಿ ತಿಳೀತೈತಿ ಯವ್ವಾ, ತೊಗಲು ತಿಳೀದಿಲ್ಲ" ಎಂದು ಅಯ್ಯನವರು ಸುತ್ತಿಗೆಯನ್ನು ಹಿಡಿಕೆಯ ಕಡೆಯಿಂದ ಆಕೆಯತ್ತ ಚಾಚಿದರು. "ಒಳಗ ಬಾ. ನೀನ ಹಾಕು."

ವಿರೂಪಾಕ್ಷಪ್ಪನವರು ಎದ್ದು ನಿಂತರು. "ಅಪ್ಪಾರ, ಹೊಸ್ತಿಲಾ..."

"ನಾಕು ವರ್ಷ ಗಾಳೆಪ್ಪ ಅಲ್ಲಿ ನಿಂತ" ಎಂದರು ಅಯ್ಯನವರು. "ತಪ್ಪು ನಿಮ್ಮದಲ್ಲ. ಮನಿ ನಂದು. ನಾ ಕರೀಲಿಲ್ಲ."

ದುರ್ಗವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ್ತಿಲು ದಾಟಿದಳು. ಬಾಗಲಿಲ್ಲ, ಕೈ ಮುಗಿಯಲಿಲ್ಲ. ಅಯ್ಯನವರು ಹೊಡೆದ ಮೊಳೆಗಳನ್ನು ಕಿತ್ತು, ತೊಗಲನ್ನು ತಿರುವಿ ಹಾಕಿದಳು. "ಆ ತುದಿ ಜಗ್ಗಿ ಹಿಡೀರಿ" ಎಂದಳು, ಪೂಜ್ಯರು ಹಿಡಿದರು. ವಿರೂಪಾಕ್ಷಪ್ಪನವರು ಹರಿದ ತಗಡನ್ನು ಸುತ್ತಿಕೊಂಡು ಹೊರಟರು. ಅವರ ಹಿಂದೆ ಮೂವರು ಹೋದರು. ಡಗ್ಗಾ ಬಾರಿಸುವವನು ಉಳಿದ.

ಅಂದು ಸಂಜೆ ಭಜನೆಯಾದ ಮೇಲೆ ಪ್ರಸಾದದ ಸಜ್ಜಕದ ಪಾತ್ರೆ ಆ ತೊಗಲಿನ ಮೇಲೆಯೇ ಕುಳಿತಿತು. ಅಯ್ಯನವರು ಮೊದಲ ತುತ್ತನ್ನು ದುರ್ಗವ್ವನ ಅಂಗೈಯಲ್ಲಿಟ್ಟರು. ಅವರ ಬೆರಳು ಆಕೆಯ ಅಂಗೈಗೆ ತಗುಲಿತು. ದುರ್ಗವ್ವ ಅದನ್ನು ಎಲೆಯಲ್ಲಿ ಕಟ್ಟಿಕೊಳ್ಳಲಿಲ್ಲ. ಹಲಗೆಯ ಪಕ್ಕದಲ್ಲೇ ಕುಳಿತು, ಒಂದು ಕೈಯಿಂದ ತೊಗಲಿನ ಅಂಚನ್ನು ಸವರುತ್ತ ತಿಂದಳು. ಅಲ್ಲಿಂದ ಮುಂದೆ ಸೋಮವಾರ ಸೋಮವಾರ ಬಂದು ಆ ತೊಗಲಿಗೆ ಎಣ್ಣೆ ತಿಕ್ಕುವುದು ಆಕೆಯ ನೇಮವಾಯಿತು. ಎಣ್ಣೆ ತಿಕ್ಕಿದ ಮೇಲೆ ಭಜನೆಗೂ ಕುಳಿತುಕೊಳ್ಳುತ್ತಿದ್ದಳು.

ಹಾಗೆ ಆಕೆ ಮೊದಲ ಸಲ ಎಣ್ಣೆ ತಂದ ಸೋಮವಾರ, ಭಜನೆ ಆರಂಭವಾದಾಗ, ಅಯ್ಯನವರು ಅಂಗಳದ ಬೇವಿನ ಮರದ ಕೆಳಗೆ ನಿಂತಿದ್ದರು.