ಎತ್ತು ಕಟ್ಟುವ ಗಂಟು

ಭೀಮಾ ನದಿಯ ದಂಡೆಗೆ ಒಂದು ಸಣ್ಣ ಮಠ. ಅಲ್ಲಿ ಅಡವಯ್ಯಜ್ಜ ಎಂಬ ಗುರು, ಪುಂಡಲೀಕ ಎಂಬ ಶಿಷ್ಯ. ಆ ಮಠದಲ್ಲಿ ಬಂದವರಿಗೆಲ್ಲ ರೊಟ್ಟಿ ಸಿಗುತ್ತಿತ್ತು, ಉಪದೇಶ ಮಾತ್ರ ಅಪರೂಪ.

ಅಜ್ಜನ ಕಣ್ಣು ಮಂಜಾಗುತ್ತ ಬಂದಿತ್ತು. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಒಳಗಿನ ನರ ಒಣಗುವ ರೋಗ, ದೀಪಾವಳಿಯ ಹೊತ್ತಿಗೆ ಪೂರಾ ಕತ್ತಲೆ ಎಂದು ಡಾಕ್ಟರು ಹೇಳಿ ಕಳಿಸಿದರು. ಅಜ್ಜ ‘ಹೌದೇನು’ ಅಂದು ಎಲೆಗೆ ಸುಣ್ಣ ಹಚ್ಚಿಕೊಂಡ.

ಪುಂಡಲೀಕನಿಗೆ ಅನ್ನ ಇಳಿಯಲಿಲ್ಲ. ಒಕ್ಕಲುತನದ ಮನೆಯ ಹುಡುಗ, ತಂದೆ ಸತ್ತ ಮೇಲೆ ಮಠ ಸೇರಿದವನು. ಅವನನ್ನು ಕಂಡೊಡನೆ ಮುಖ ಅರಳಿಸುವ ಜೀವ ಈ ಲೋಕದಲ್ಲಿ ಅಜ್ಜ ಒಬ್ಬನೇ. ತಾನು ಎದುರಿಗೆ ನಿಂತರೂ ಅಜ್ಜನಿಗೆ ಕಾಣದ ದಿನವನ್ನು ನೆನೆಸಿಕೊಂಡರೆ ಅವನು ಕೈಯ ಕೆಲಸ ಬಿಟ್ಟು ಅಜ್ಜನ ಬಳಿ ಬಂದು ಕೂರುತ್ತಿದ್ದ.

ಶಹರದ ಬೇವಿನ ದರ್ಗಾದಲ್ಲಿ ದಾರ ಕಟ್ಟಿ ಬೇಡಿಕೊಂಡರೆ ಹರಕೆ ಕೈಗೂಡುತ್ತದೆ ಎಂದು ಸಂತೆಯಲ್ಲಿ ಯಾರೋ ಹೇಳಿದರು. ಸಂಜೆಯ ಬಾಂಗು ಕೂಗುವುದರೊಳಗೆ ಕಟ್ಟಬೇಕಂತೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಪುಂಡಲೀಕ ಅಂಜುತ್ತಲೇ ಅಜ್ಜನ ಮುಂದೆ ಮಾತು ತೆಗೆದ.

ಬೈಯುತ್ತಾನೆ ಅಂದುಕೊಂಡಿದ್ದರೆ ಅಜ್ಜ ಆಗಲೇ ಹೆಗಲಿಗೆ ಜೋಳಿಗೆ ಹಾಕಿಕೊಂಡು ನಿಂತಿದ್ದ. ಪ್ರಾಯದಲ್ಲಿ ತಾನೂ ಅಲ್ಲಿ ಒಂದು ದಾರ ಕಟ್ಟಿ ಬಂದಿದ್ದನಂತೆ, ಅದರದೊಂದು ಕೆಲಸ ಬಾಕಿ ಉಳಿದಿದೆಯಂತೆ. ಏನು ಬೇಡಿದ್ದಿರಿ ಎಂದು ಪುಂಡಲೀಕ ಬಸ್ಸಿನಲ್ಲಿ ಕೇಳಿದ. ಅಜ್ಜ ಕಿಟಕಿಯ ಗಾಳಿಗೆ ಮುಖ ಕೊಟ್ಟು ಕೂತ.

ಆ ಶಹರಕ್ಕೆ ಸುಲ್ತಾನರು ಒಂದು ಹೆಸರಿಟ್ಟರು, ಸರಕಾರ ಇನ್ನೊಂದು ಇಟ್ಟಿತು. ನಮ್ಮ ಕಡೆಯವರು ಶಹರ ಅನ್ನುತ್ತಾರೆ, ಅಷ್ಟೇ. ದೂರದಲ್ಲಿ ಗುಮ್ಮಟಗಳು ಕಂಡರೆ ಬಸ್ಸಿನಲ್ಲಿ ತೂಕಡಿಸುವವರೂ ಎದ್ದು ಕೈಮುಗಿಯುತ್ತಾರೆ. ಒಳಗೆ ಮಲಗಿರುವ ಶರಣ ಯಾವ ಕುಲದವನೆಂದು ಯಾರೂ ವಿಚಾರಿಸುವುದಿಲ್ಲ.

ದರ್ಗಾಕ್ಕೆ ದಾರಿ ಬಜಾರದ ನಡುವೆಯೇ. ಅಂಗಡಿಯಿಂದ ಅಂಗಡಿಗೆ ಮೇಲೆ ಪರದೆ ಕಟ್ಟಿದ್ದರು, ಬಿಸಿಲು ಅದರಲ್ಲಿ ಸೋಸಿಕೊಂಡು ಕೆಳಗೆ ಬೀಳುತ್ತಿತ್ತು. ಆ ಬೆಳಕಿನಲ್ಲಿ ಜನ ನಡೆದಾಡಿದರೆ ಕಾಲು ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಅನ್ನಿಸುತ್ತಿತ್ತು. ಎಲ್ಲೋ ಲೋಬಾನದ ಹೊಗೆ, ಎಲ್ಲೋ ಕುದಿಯುವ ಹಾಲು.

ಅಜ್ಜ ಹೆಜ್ಜೆಗೊಮ್ಮೆ ನಿಂತ. ಅತ್ತರಿನ ಅಂಗಡಿಯಲ್ಲಿ ಮಣಿಕಟ್ಟು ಚಾಚಿ ಗುಲಾಬಿ ಹಚ್ಚಿಸಿಕೊಂಡ. ಬಳೆಗಾರರ ಸಾಲಿನಲ್ಲಿ ಕಿಣಿಕಿಣಿ ಕೇಳುತ್ತ ನಿಂತುಬಿಟ್ಟ. ಮುಂದೆ ಬಣ್ಣಗಾರನ ಅಂಗಡಿ, ಅಲ್ಲಿ ಅದ್ದಿ ತೆಗೆದ ಓಢಣಿಗಳು ಹಗ್ಗದ ಮೇಲೆ ಗಾಳಿಗೆ ಏಳುತ್ತಿದ್ದವು.

‘ಪುಂಡಲೀಕಾ, ಅಲ್ಲಿ ಏನೋ ಹಾರಾಡಾಕತ್ತೈತಲ್ಲ, ಏನದು?’

‘ಏನೋ ಅರಿವಿ, ಅಜ್ಜಾರ. ನಡೀರಿ, ಹೊತ್ತು ಮುಳಗತೈತಿ.’

‘ಯಾವ ಬಣ್ಣದ್ದು?’

ಪುಂಡಲೀಕ ನೋಡಿರಲಿಲ್ಲ. ಅವನ ಕಣ್ಣು ದೂರದ ಬೇವಿನ ಮರದ ಮೇಲಿತ್ತು. ಅಜ್ಜನ ತೋಳು ಹಿಡಿದು ಎಳೆದುಕೊಂಡೇ ನಡೆದ, ಅಜ್ಜ ಮತ್ತೆ ಏನನ್ನೂ ಕೇಳಲಿಲ್ಲ.

ದರ್ಗಾದ ಅಂಗಳದ ಕಲ್ಲು ಹಗಲಿನ ಬಿಸಿಯನ್ನು ಇನ್ನೂ ಇಟ್ಟುಕೊಂಡಿತ್ತು. ಗೋರಿಯ ಸುತ್ತ ಕಲ್ಲಿನ ಜಾಲರಿ. ಕಲ್ಲು ಎಲ್ಲಿ ಕಾಣಬೇಕು, ಎಲ್ಲ ದಾರವೇ. ಹೊಸವು ಕೆಂಪು ಹಳದಿ ಹಸಿರು, ಹಳೆಯವು ಬಿಸಿಲಿಗೆ ಬೆಳ್ಳಗಾಗಿ ಯಾವುದರ ಬಣ್ಣ ಯಾವುದೋ ತಿಳಿಯದು.

ಬಾಗಿಲಲ್ಲಿ ಹುಸೇನಬೀ ಎಂಬ ಮುದುಕಿ ದಾರದ ಉಂಡೆ ಇಟ್ಟುಕೊಂಡು ಕೂತಿದ್ದಳು. ಅಜ್ಜ ಗೋರಿಯ ಮುಂದೆ ಸಕ್ಕರೆ ಇಟ್ಟು ಫಾತೆಹಾ ಓದಿಸಿ, ಅದರ ಚಿಟಿಕೆ ಬಾಯಿಗೆ ಹಾಕಿಕೊಂಡು ಬೇವಿನ ಬುಡದಲ್ಲಿ ಒರಗಿದ. ಆಕೆ ಪುಂಡಲೀಕನಿಗೆ ದಾರ ಹರಿದುಕೊಟ್ಟು ಅಲ್ಲಿಯ ರೂಢಿ ಹೇಳಿದಳು. ಹರಕೆ ಕೈಗೂಡಿದವರು ಬಂದು ಒಂದು ದಾರ ಬಿಚ್ಚಬೇಕು. ಇಷ್ಟರಲ್ಲಿ ತನ್ನದು ಯಾವುದೆಂದು ಯಾರಿಗೆ ಗುರುತು ಸಿಕ್ಕೀತು? ಕೈಗೆ ಸಿಕ್ಕಿದ್ದನ್ನು ಬಿಚ್ಚಿ ಹೋಗುವುದು. ನಿನ್ನದನ್ನು ಇನ್ಯಾರೋ ಬಿಚ್ಚುತ್ತಾರೆ. ಅದಕ್ಕೇ ಸಡಿಲ ಕಟ್ಟು, ಎಳೆದರೆ ಬರಬೇಕು.

ಈ ರೂಢಿ ಪುಂಡಲೀಕನ ಮನಸ್ಸಿಗೆ ಬರಲಿಲ್ಲ. ಯಾರದೋ ಮನೆಯಲ್ಲಿ ತೊಟ್ಟಿಲು ತೂಗಿತೆಂದು ಅವರು ಬಂದು ತನ್ನ ಅಜ್ಜನ ಕಣ್ಣಿಗೆ ಕಟ್ಟಿದ ದಾರ ಬಿಚ್ಚಿ ಹೋಗಬೇಕೇ? ಗೂಟ ಕೀಳುವ ಎತ್ತಿಗೆ ಅವನ ತಂದೆ ಒಂದು ಗಂಟು ಹಾಕುತ್ತಿದ್ದ. ಅದು ಜಗ್ಗಿದಷ್ಟೂ ಬಿಗಿಯುತ್ತದೆ. ಅದನ್ನೇ ಹಾಕಿದ. ಉಗುಳು ಹಚ್ಚಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದ.

‘ಬೇಟಾ, ದಾರ ಕಟ್ಟಿದ್ಯೋ ಎತ್ತು ಕಟ್ಟಿದ್ಯೋ?’ ಅಂದಳು ಹುಸೇನಬೀ.

‘ಇದನ್ನ ಯಾರೂ ಬಿಚ್ಚಬಾರ್ದು ಅಮ್ಮಾ’ ಅಂದವನೇ ಪುಂಡಲೀಕ ಅತ್ತುಬಿಟ್ಟ. ಆಕೆ ಮತ್ತೆ ಕಾಡಲಿಲ್ಲ. ಅವನ ತಲೆಯ ಮೇಲೆ ನವಿಲುಗರಿ ಆಡಿಸಿ ಹರಸಿ, ಕಾಲು ತೊಳೆದುಕೊಂಡು ಬಾ ಎಂದು ಅಂಗಳದ ನೀರಿನ ಹೌದಿನ ಕಡೆ ಕಳಿಸಿದಳು.

ಬಾಂಗು ಕೂಗಿತು. ಅಂಗಳದ ಪಾರಿವಾಳಗಳು ಎದ್ದು ಒಂದು ಸುತ್ತು ಹಾಕಿ ಮತ್ತೆ ಅಲ್ಲೇ ಇಳಿದವು. ಪುಂಡಲೀಕ ನೀರಿನಲ್ಲಿ ಕಾಲಿಟ್ಟು ಕೂತ. ನೀರಿನಲ್ಲಿ ಗುಮ್ಮಟ ತಲೆಕೆಳಗಾಗಿ ತೇಲುತ್ತಿತ್ತು. ಕಟ್ಟಿಯಾಯಿತು, ಇನ್ನು ಏನೂ ಆಗುವುದಿಲ್ಲ ಅನ್ನಿಸಿ ಮನಸ್ಸು ಹಗುರಾಯಿತು, ಕಣ್ಣು ಮುಚ್ಚಿಕೊಂಡವು.

ಕಣ್ಣು ಬಿಟ್ಟಾಗ ಬೇವಿನ ಬುಡದಲ್ಲಿ ಅಜ್ಜ ಇರಲಿಲ್ಲ.

ಜಾಲರಿಗೆ ಮುಖ ಹತ್ತಿಸಿ ನಿಂತಿದ್ದ. ಬೆರಳುಗಳು ದಾರಗಳ ಮೇಲೆ ಮೆಲ್ಲಗೆ ಹರಿದಾಡುತ್ತಿದ್ದವು. ಎಷ್ಟೋ ದಾರಗಳನ್ನು ಮುಟ್ಟಿ ಮುಟ್ಟಿ ದಾಟಿ, ಒಂದರ ಮೇಲೆ ನಿಂತವು. ಅದನ್ನು ಬಿಚ್ಚತೊಡಗಿದವು.

ಪುಂಡಲೀಕ ಓಡಿಬಂದ. ‘ಅಜ್ಜಾರ, ಅದನ್ನ ಬಿಡ್ರಿ. ಅದು ನಂದು.’

‘ಗೊತ್ತೈತಿ. ಇಂಥಾ ಗಂಟು ಮತ್ತ್ಯಾರು ಹಾಕ್ತಾರ.’

‘ನಿಮ್ಮ ಕಣ್ಣಿನ ಸಲುವಾಗಿ ಕಟ್ಟೀನ್ರಿ.’

‘ಅದೂ ಗೊತ್ತೈತಿ’ ಅಂದು ಅಜ್ಜ ಉಗುರಿನಿಂದ ಗಂಟಿನ ಬಾಯಿ ಹುಡುಕಿದ.

ಗಂಟು ಸುಲಭಕ್ಕೆ ಬಿಡಲಿಲ್ಲ. ಬಜಾರದಲ್ಲಿ ಒಂದೊಂದೇ ದೀಪ ಹತ್ತಿಕೊಂಡಿತು. ನಮಾಜು ಮುಗಿಸಿದವರು ಹೊರಗೆ ಹೋದರು. ಪುಂಡಲೀಕ ಆ ಕೈಗಳನ್ನು ಹಿಡಿದು ತಡೆಯಬಹುದಿತ್ತು, ಅವು ಅವನಿಗೆ ಉಣ್ಣಿಸಿದ ಕೈಗಳು. ಸುಮ್ಮನೆ ನಿಂತ, ಕಣ್ಣೀರು ಇಳಿಯುತ್ತಲೇ ಇತ್ತು. ಹುಸೇನಬೀ ದೂರದಿಂದ ನೋಡುತ್ತ ದಾರದ ಉಂಡೆ ಸುತ್ತಿದಳು.

‘ನನ್ನ ಹರಕಿ ಇನ್ನೂ ಕೈಗೂಡಿಲ್ರಿ ಅಜ್ಜಾರ.’

‘ನಂದು ಕೈಗೂಡೈತಿ.’

‘ಏನು ಬೇಡಿದ್ರಿ?’

ಗಂಟು ಬಿಚ್ಚಿತು. ದಾರ ಸುರುಳಿ ಸುರುಳಿಯಾಗಿ ಅಜ್ಜನ ಅಂಗೈಗೆ ಬಿತ್ತು. ಅದನ್ನು ಪುಂಡಲೀಕನ ಕೈಯಲ್ಲಿಟ್ಟು, ಆ ಕೈಯನ್ನು ಬಿಡದೆ ಹಾಗೇ ಹಿಡಿದುಕೊಂಡ.

ತನ್ನ ಗುರುಗಳಿಗೂ ಕಡೆಗಾಲಕ್ಕೆ ಹೀಗೇ ಕಣ್ಣು ಹೋಗಿದ್ದವು ಎಂದು ಹೇಳಿದ. ಅವರನ್ನು ಕೈಹಿಡಿದು ಇಲ್ಲಿಗೆ ಕರೆತಂದವನು ತಾನೇ. ಅವರ ಕಣ್ಣಿಗೆಂದು ದಾರ ಕಟ್ಟಲು ಹೋದರೆ ಅವರು ಬಿಡಲಿಲ್ಲ, ನಿನಗೆ ಏನು ಬೇಕೋ ಬೇಡಿಕೋ ಅಂದರು.

‘ನನಗ ಕತ್ತಲಾದಾಗ ನನ್ನ ಕೈ ಹಿಡಿಯಾಂವ ಒಬ್ಬ ಇರಲಿ ಅಂದಿದ್ದೆ’ ಅಂದ ಅಜ್ಜ.

ಅಜ್ಜ ಬಜಾರದ ಗದ್ದಲದ ಕಡೆ ಮುಖ ತಿರುಗಿಸಿದ. ಅವನ ಮಣಿಕಟ್ಟಿನಲ್ಲಿ ಗುಲಾಬಿಯ ವಾಸನೆ ಇನ್ನೂ ಇತ್ತು.

‘ನಡಿ, ಈಗ ಸಾವಕಾಶ ಹೋಗೂಣು. ಆ ಅರಿವಿ ಯಾವ ಬಣ್ಣದ್ದು, ಮೊದಲ ಅದನ್ನ ಹೇಳು.’