ಗಂಡಸರ ಗಂಟಲಿಗೆ ಗಂಟು ಬಂದದ್ದು

ನೆಲ ಇನ್ನೂ ಹಸಿಯಾಗಿದ್ದ ಕಾಲ ಅದು. ಹೊಳೆಗೆ ತನ್ನ ದಾರಿ ಗೊತ್ತಿರಲಿಲ್ಲ. ಗಾಳಿ ಆಗತಾನೇ ಮಾತು ಕಲಿಯುತ್ತಿತ್ತು.

ಆಗ ಮನುಷ್ಯರನ್ನು ಮಾಡುತ್ತಿದ್ದವಳು ಭೂಮಿತಾಯಿ. ಗಂಡಿಗೂ ಹೆಣ್ಣಿಗೂ ಅವಳು ಸಮಸಮವಾಗಿ ಕಣ್ಣೀರು ಕೊಟ್ಟಳು. ಗಂಡಿನ ದನಿ ದಪ್ಪವಾಗಲಿ ಎಂದು ಅವನ ಗಂಟಲಲ್ಲಿ ಸಾಸಿವೆಯಷ್ಟು ಒಂದು ಬೀಜ ಇಟ್ಟಳು. ಅವಳು ಮಾಡಿದ್ದು ಅಷ್ಟೇ.

ಹೊಳೆಯ ದಂಡೆಯಲ್ಲಿ ಬೀರ, ಹೊನ್ನಿ ಎಂಬ ಅವಳಿ ಮಕ್ಕಳಿದ್ದರು. ನಕ್ಕರೆ ಒಟ್ಟಿಗೆ, ಅತ್ತರೆ ಒಟ್ಟಿಗೆ. ಅವರಿಗೆ ಎಂಟು ವರ್ಷವಾದಾಗ ಹೊಳೆ ಉಕ್ಕಿ ಅವರ ಅವ್ವನನ್ನು ಎಳೆದುಕೊಂಡು ಹೋಯಿತು.

ಹೊನ್ನಿ ನೆಲಕ್ಕೆ ಬಿದ್ದು ಅತ್ತಳು. ಹೆಂಗಸರು ಅವಳನ್ನು ತಬ್ಬಿಕೊಂಡು, "ಅಳು ಮಗಳೇ, ಅತ್ತುಬಿಡು" ಅಂದರು.

ಬೀರನೂ ಅಳಲು ಬಾಯಿ ತೆರೆದ. ಸೋದರಮಾವ ಕೆಂಚ ಅವನ ಗಲ್ಲ ಹಿಡಿದು ಬಾಯಿ ಮುಚ್ಚಿಸಿದ.

"ಗಂಡುಹುಡುಗ ಅಳ್ತಾನೇನೋ? ನುಂಗು!"

ಬೀರ ನುಂಗಿದ. ನುಂಗಿದ ಅಳು ಗಂಟಲಿನ ಬೀಜದ ಮೇಲೆ ಕೂತಿತು. ಬೀಜ ಉಬ್ಬಿತು.

ಹೊಳೆ ತಲೆ ತಗ್ಗಿಸಿ ದಡಕ್ಕೆ ಬಂತು. "ತಪ್ಪು ನನ್ನದು ಬೀರ. ನಿನ್ನ ಕಣ್ಣೀರು ನನಗೆ ಕೊಟ್ಟುಬಿಡು."

"ಮಾವ ಬೈತಾನೆ" ಅಂದ ಬೀರ. ನುಂಗಿದ.

ಗಾಳಿ ಬಂತು. "ನನ್ನೊಳಗೆ ಕೂಗಿಬಿಡು. ಯಾರಿಗೂ ಹೇಳಲ್ಲ."

"ಎಲ್ಲರೂ ನಗ್ತಾರೆ" ಅಂದ ಬೀರ. ನುಂಗಿದ.

ಅತ್ತು ಅತ್ತು ಹಗುರಾದ ಹೊನ್ನಿ ಒಂದು ದಿನ ಅನ್ನ ಕೇಳಿದಳು. ಬೀರ ಕೇಳಲೇ ಇಲ್ಲ, ಕೊಟ್ಟದ್ದನ್ನು ತಿಂದ. ಅವನು ಬೆಳೆದ. ಗಂಟಲಿನ ಗಂಟೂ ಬೆಳೆದು ನೆಲ್ಲಿಕಾಯಿಯಷ್ಟಾಯಿತು.

ಎಷ್ಟೋ ವರ್ಷಗಳ ಮೇಲೆ ಹೊನ್ನಿ ಜ್ವರದಲ್ಲಿ ತೀರಿಕೊಂಡಳು. ಅಳಬೇಡ ಅನ್ನಲು ಆಗ ಕೆಂಚಮಾವನೂ ಬದುಕಿರಲಿಲ್ಲ. ಬೀರ ಬಾಯಿ ತೆರೆದ. ದನಿ ಬರಲಿಲ್ಲ. ಕಣ್ಣೂ ಒದ್ದೆಯಾಗಲಿಲ್ಲ.

"ಒಡಹುಟ್ಟಿದವಳು ಸತ್ತರೂ ಅಳಲಿಲ್ಲ, ಎಂಥ ಕಲ್ಲೆದೆ!" ಅಂದರು ಜನ.

ಬೀರ ನೆಲಕ್ಕೆ ಹಣೆ ಹಚ್ಚಿದ. "ತಾಯಿ, ನೀನಿಟ್ಟದ್ದನ್ನು ನೀನೇ ತೆಗೆ."

ಭೂಮಿತಾಯಿ ನಿಟ್ಟುಸಿರು ಬಿಟ್ಟಳು. "ಬೀಜ ನನ್ನದಪ್ಪ. ಅದಕ್ಕೆ ನೀರೆರೆದವರು ನಿಮ್ಮವರು. ಈಗ ಯಾವುದು ನನ್ನದು, ಯಾವುದು ಅವರದು ಅಂತ ಬಿಡಿಸೋಕೆ ಆಗಲ್ಲ. ಕಿತ್ತರೆ ಅದರ ಜೊತೆ ನಿನ್ನ ಉಸಿರೂ ಕಿತ್ತು ಬರುತ್ತೆ."

ಹೊನ್ನಿಯ ಪುಟ್ಟ ಮಗಳು ಬಂದು ಬೀರನ ತೊಡೆ ಹತ್ತಿದಳು. ಗಂಟಲನ್ನು ಬೆರಳಿಂದ ಮುಟ್ಟಿದಳು.

"ಮಾವಾ, ಇಲ್ಲೇನೋ ಇದೆ. ನೋವಾಗುತ್ತಾ?"

"ಏನಿಲ್ಲ ಮಗೂ" ಅಂದ ಬೀರ. ಗಂಟು ಮೇಲೆ ಹೋಯಿತು, ಕೆಳಗಿಳಿಯಿತು.

ಇವತ್ತಿಗೂ ಸಾವಿನ ಮನೆಯಲ್ಲಿ ಗಂಡಸರು ಗೋಡೆಗೊರಗಿ ಸುಮ್ಮನೆ ಕೂತಿರುತ್ತಾರೆ. ಅವರ ಗಂಟಲು ನೋಡು ಪುಟ್ಟಾ, ಅದು ಹಾಗೇ ಮೇಲೆ ಹೋಗುತ್ತೆ, ಕೆಳಗಿಳಿಯುತ್ತೆ.